ಹನುಮಂತನಗರದ ಬೇಕರಿ ಯಾರಿಗೆ ಸೇರಬೇಕಿತ್ತು? ಪ್ರಸ್ತಾವ ಮತ್ತು ಒಪ್ಪಿಗೆಯ ಒಂದು ಪ್ರಕರಣ

ಇದು ಯಾವುದೇ ಕೋರ್ಟ್ ಫೈಲಿನ ನಕಲಲ್ಲ. ಬೆಂಗಳೂರಿನಲ್ಲಿ ಬೇಕರಿ, ದರ್ಶಿನಿ, ಮೆಡಿಕಲ್ ಸ್ಟೋರ್‌ಗಳು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ನಡೆಯುವ ಮಾತುಕತೆಗಳನ್ನು ಸೇರಿಸಿ ಕಟ್ಟಿದ ಸನ್ನಿವೇಶ. ಜನ ಮತ್ತು ಮೊತ್ತ ಕಲ್ಪಿತ. ಕಾನೂನು, ತೀರ್ಪುಗಳು ನಿಜ.

ನಡೆದದ್ದು

ಹನುಮಂತನಗರದಲ್ಲಿ ಒಂದು ಮೂಲೆ ಅಂಗಡಿ. ಬೇಕರಿ ಮತ್ತು ಕಾಂಡಿಮೆಂಟ್ಸ್. ಯಜಮಾನರು ಹಾಸನದ ಕಡೆಯವರು. ಬೆಳಗ್ಗೆ ಬನ್ನು, ಸಂಜೆ ಆಲೂ ಬನ್ನು, ದಿಲ್‌ಪಸಂದ್, ಹನಿಕೇಕ್. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ವಯಸ್ಸಾಯಿತು, ಮಗನಿಗೆ ಈ ಕೆಲಸ ಬೇಡ. ಮಾರಿ ಊರಿಗೆ ಹೋಗೋಣ ಅಂತ ನಿರ್ಧರಿಸಿದರು. ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ಹಾಕಿಸಿದರು: ‘ನಡೆಯುತ್ತಿರುವ ಬೇಕರಿ ಮಾರಾಟಕ್ಕಿದೆ, 24 ಲಕ್ಷ.’

ಆಸಕ್ತಿ ತೋರಿಸಿದವರು ಅವರ ಅಂಗಡಿಗೇ ನಿಪ್ಪಟ್ಟು, ಕೋಡುಬಳೆ ಹಾಕುತ್ತಿದ್ದ ತುಮಕೂರಿನ ಸಪ್ಲೈಯರ್. ಇಬ್ಬರಿಗೂ ಹಲವು ವರ್ಷಗಳ ಪರಿಚಯ. ಒಂದು ಮಂಗಳವಾರ ಫೋನಿನಲ್ಲಿ ಕೇಳಿದರು:

‘ಅಣ್ಣ, ಕೊನೆಗೆ ಎಷ್ಟಕ್ಕೆ ಕೊಡ್ತೀರಾ?’

‘22ಕ್ಕಿಂತ ಕಮ್ಮಿ ಆಗಲ್ಲ ಕಣಪ್ಪ.’

ಬುಧವಾರ ಸಪ್ಲೈಯರ್ ವಾಟ್ಸಾಪ್ ಮಾಡಿದರು: ‘22 ಓಕೆ ಅಣ್ಣ.’

ಗುರುವಾರ ಯಜಮಾನರ ಉತ್ತರ: ‘22 ಲಕ್ಷ. ಓವನ್, ಮಿಕ್ಸರ್, ಫ್ರಿಜ್, ಶೋಕೇಸ್ ಎಲ್ಲ ಸೇರಿ. ಅಂಗಡಿ ಅಡ್ವಾನ್ಸ್ 3 ಲಕ್ಷ ಬೇರೆ ಕೊಡಬೇಕು. ಭಾನುವಾರದೊಳಗೆ ಹೇಳು.’

ಶುಕ್ರವಾರ ಸಪ್ಲೈಯರ್: ‘ಓಕೆ ಅಣ್ಣ ಫೈನಲ್. ಆದ್ರೆ ಅಡ್ವಾನ್ಸ್ ದುಡ್ಡು ಎರಡು ಕಂತಲ್ಲಿ ಕೊಡ್ತೀನಿ. ನೀವು ಮತ್ತೆ ಈ ಏರಿಯಾದಲ್ಲಿ ಬೇಕರಿ ಹಾಕಬಾರದು.’ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಶನಿವಾರ ಸಪ್ಲೈಯರ್ ಯುಪಿಐನಲ್ಲಿ 50,000 ರೂಪಾಯಿ ಹಾಕಿ, ‘ಬೇಕರಿ ಟೋಕನ್’ ಅಂತ ಬರೆದರು. ಯಜಮಾನರು ದುಡ್ಡು ವಾಪಸ್ ಹಾಕಲಿಲ್ಲ, ಏನೂ ಹೇಳಲೂ ಇಲ್ಲ.

ಭಾನುವಾರ ಸಂಜೆ ಸಪ್ಲೈಯರ್ ತುಮಕೂರಿನಿಂದ ಫೋನ್ ಮಾಡಿದರು. ‘ಆ ಕಂತು ಗಿಂತು ಬಿಡಿ ಅಣ್ಣ. ನೀವು ಹೇಳಿದ ಹಾಗೇ 22, ಮೇಲೆ 3.’ ಯಜಮಾನರು ಅಂದರು: ‘ಆಯ್ತು ಕಣಪ್ಪ, ನಾಳೆ ಅಗ್ರಿಮೆಂಟ್ ಬರೆಸೋಣ. ಬಿಲ್ಡಿಂಗ್ ಓನರ್‌ಗೆ ಒಂದು ಮಾತು ಹೇಳ್ಬೇಕು.’ ಇದರ ರೆಕಾರ್ಡಿಂಗ್ ಇಲ್ಲ. ಆದರೆ ರಾತ್ರಿ ಸಪ್ಲೈಯರ್ ಮತ್ತೊಂದು ಮೆಸೇಜ್ ಹಾಕಿದ್ದರು: ‘ಫೋನಲ್ಲಿ ಮಾತಾಡಿದ ಹಾಗೆ 22+3 ಫೈನಲ್ ಅಣ್ಣ. ನಾಳೆ 11ಕ್ಕೆ ಬರ್ತೀನಿ.’ ಯಜಮಾನರಿಂದ ಹೆಬ್ಬೆರಳು ಎತ್ತಿದ ಎಮೋಜಿ ಬಂತು.

ಸೋಮವಾರ ಬೆಳಗ್ಗೆ 9ಕ್ಕೆ ಮೂರನೆಯ ಒಬ್ಬರು ಬಂದರು. 24 ಲಕ್ಷ, ಅಂಗಡಿ ಅಡ್ವಾನ್ಸ್ ಬೇರೆ, ಎಲ್ಲ ಒಂದೇ ಸಲ. ಯಜಮಾನರು ಅವರ ಜೊತೆ ಸಹಿ ಮಾಡಿಬಿಟ್ಟರು. 11ಕ್ಕೆ ಸಪ್ಲೈಯರ್ ಬಂದಾಗ ಸಿಕ್ಕಿದ್ದು ‘ಬೇಜಾರು ಮಾಡ್ಕೋಬೇಡ’ ಅನ್ನುವ ಮಾತು. ಮರುದಿನ 50,000 ವಾಪಸ್ ಬಂತು. ಅದರ ಹಿಂದೆಯೇ ಲೀಗಲ್ ನೋಟಿಸ್ ಹೋಯಿತು.

ಮೊದಲ ಎರಡು ದಿನ

ಜಾಹೀರಾತಿನ 24 ಲಕ್ಷ ಪ್ರಸ್ತಾವ (ಎದುರಿನವರು ಹೂಂ ಅಂದರೆ ಕರಾರಾಗುವಂಥ ಮಾತು) ಅಲ್ಲ. ಅದು ‘ಬನ್ನಿ, ಮಾತಾಡೋಣ’ ಅನ್ನುವ ಕರೆ ಅಷ್ಟೆ. ಇದರಲ್ಲಿ ಯಾರಿಗೂ ಗೊಂದಲ ಇರಲಿಕ್ಕಿಲ್ಲ.

ಗೊಂದಲ ಇರುವುದು ‘22ಕ್ಕಿಂತ ಕಮ್ಮಿ ಆಗಲ್ಲ’ ಅನ್ನುವುದರಲ್ಲಿ. ಅವರು ರೇಟ್ ಹೇಳಿದರು, ಇವರು ಓಕೆ ಅಂದರು, ಇನ್ನೇನು ಬೇಕು ಅಂತ ಅನ್ನಿಸುತ್ತದೆ ಅಲ್ವಾ? ಇದೇ ಪ್ರಶ್ನೆ ನಮ್ಮ ಮಡಿಕೇರಿಯ ಒಂದು ಬಂಗಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ ಪ್ರಕರಣ, 1951. ಬಂಗಲೆಯ ಹೆಸರು ಮಾರ್ವನ್ ಲಾಡ್ಜ್. ಕೊಳ್ಳಲು ಬಯಸಿದವರಿಗೆ ಮಾಲೀಕರ ಕಡೆಯಿಂದ ಬಂದ ಉತ್ತರ, ಹತ್ತು ಸಾವಿರಕ್ಕಿಂತ ಕಡಿಮೆ ಒಪ್ಪುವುದಿಲ್ಲ ಅಂತ. ಅವರು ಹತ್ತು ಸಾವಿರಕ್ಕೆ ಒಪ್ಪಿದ್ದೇನೆ, ಹಾಗಾಗಿ ಕರಾರು ಆಯಿತು ಅಂದರು. ಆಗಲಿಲ್ಲ ಅಂತ ಕೋರ್ಟ್ ಹೇಳಿತು. ಇಷ್ಟಕ್ಕಿಂತ ಕೆಳಗೆ ಬರಲ್ಲ ಅನ್ನುವುದು ಇಷ್ಟಕ್ಕೆ ಕೊಟ್ಟೇ ಕೊಡುತ್ತೇನೆ ಅಂತ ಆಗುವುದಿಲ್ಲ. ಅದು ಇನ್ನೂ ಒಳ್ಳೆಯ ಬೆಲೆ ಕೇಳಿ ಅನ್ನುವ ಆಹ್ವಾನ. ಇದಕ್ಕಿಂತ ಹಿಂದೆ, 1893ರಲ್ಲಿ, ಜಮೈಕಾದ ಜಮೀನೊಂದರ ಬಗ್ಗೆ ಹಾರ್ವೆ ವಿರುದ್ಧ ಫೇಸಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ವಸಾಹತುಗಳಿಗೆ ಆಗ ಕೊನೆಯ ಮೇಲ್ಮನವಿ ಕೋರ್ಟ್) ಹೇಳಿದ್ದೂ ಇದನ್ನೇ.

ಹಾಗಾಗಿ ಬುಧವಾರದ ‘22 ಓಕೆ’ ಒಪ್ಪಿಗೆಯ ಉಡುಪಿನಲ್ಲಿದ್ದರೂ ಕಾನೂನಿನ ಕಣ್ಣಿಗೆ ಅದೇ ಮೊದಲ ಪ್ರಸ್ತಾವ. ಗುರುವಾರ ಯಜಮಾನರು ಅದನ್ನು ಹಾಗೇ ಒಪ್ಪಲಿಲ್ಲ. 3 ಲಕ್ಷ ಸೇರಿಸಿದರು, ಗಡುವು ಇಟ್ಟರು. ಅದು ಪ್ರತಿಪ್ರಸ್ತಾವ, ಅಂದರೆ ಬಂದದ್ದನ್ನು ಒಪ್ಪದೆ ಬದಲಿಗೆ ಇಟ್ಟ ಹೊಸ ಪ್ರಸ್ತಾವ. ಈಗ ಚೆಂಡು ತುಮಕೂರಿನಲ್ಲಿ.

ಗಡುವಿನ ಬಗ್ಗೆ ಒಂದು ಮಾತು. ‘ಭಾನುವಾರದೊಳಗೆ ಹೇಳು’ ಅಂದರೆ ಅಲ್ಲಿಯವರೆಗೆ ಬೇಕರಿ ತನಗಾಗಿ ಕಾದಿರುತ್ತದೆ ಅಂತ ಕೊಳ್ಳುವವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. 1872ರ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಪೂರ್ತಿಯಾಗುವ ಮುಂಚೆ ಯಾವಾಗ ಬೇಕಾದರೂ ಪ್ರಸ್ತಾವವನ್ನು ವಾಪಸ್ ತಗೊಳ್ಳಬಹುದು. ಕಾಯುವುದಕ್ಕೆ ಅಂತಲೇ ಏನಾದರೂ ಹಣ ಕೊಟ್ಟಿದ್ದರೆ ಮಾತು ಬೇರೆ. ಆದರೆ ಮನಸ್ಸಿನಲ್ಲೇ ವಾಪಸ್ ತಗೊಂಡರೆ ನಡೆಯಲ್ಲ, ಎದುರಿನವರಿಗೆ ತಿಳಿಸಬೇಕು. ನಮ್ಮ ಯಜಮಾನರು ಯಾವತ್ತೂ ತಿಳಿಸಲಿಲ್ಲ.

ಶುಕ್ರವಾರದ ‘ಆದ್ರೆ’

ಇಡೀ ಪ್ರಕರಣದಲ್ಲಿ ಸಪ್ಲೈಯರ್‌ಗೆ ಜಾಸ್ತಿ ಪೆಟ್ಟು ಕೊಟ್ಟಿದ್ದು ಈ ಮೆಸೇಜ್. ಗುರುವಾರದ ಪ್ರಸ್ತಾವ ಸ್ಪಷ್ಟವಾಗಿತ್ತು. ಒಂದು ‘ಆಯ್ತು’ ಸಾಕಿತ್ತು. ಬದಲಿಗೆ ಎರಡು ಷರತ್ತು ಸೇರಿತು. 7ನೇ ಸೆಕ್ಷನ್ ಕೇಳುವುದು ಪೂರ್ತಿಯಾದ, ಷರತ್ತಿಲ್ಲದ ಒಪ್ಪಿಗೆ. ಓಕೆ, ಫೈನಲ್ ಅಂತ ಎಷ್ಟು ಸಲ ಬರೆದರೂ ಮುಂದಿನ ಸಾಲಿನಲ್ಲಿ ಹೊಸ ಷರತ್ತು ಬಂದರೆ ಅದು ಒಪ್ಪಿಗೆಯಲ್ಲ.

ಇಷ್ಟೇ ಆಗಿದ್ದರೆ ಪರವಾಗಿಲ್ಲ. ಆದರೆ ಪ್ರತಿಪ್ರಸ್ತಾವ ಹಳೆಯ ಪ್ರಸ್ತಾವವನ್ನು ಕೊಂದುಬಿಡುತ್ತದೆ. 1840ರ ಹೈಡ್ ವಿರುದ್ಧ ರೆಂಚ್ ಪ್ರಕರಣದಲ್ಲಿ ಜಮೀನಿನ ಮಾಲೀಕ ಸಾವಿರ ಪೌಂಡ್ ಕೇಳಿದ್ದ. ಕೊಳ್ಳುವವನು 950 ಅಂದ. ಮಾಲೀಕ ಒಪ್ಪಲಿಲ್ಲ. ಸರಿ, ಸಾವಿರಕ್ಕೇ ಕೊಡಿ ಅಂತ ವಾಪಸ್ ಬಂದಾಗ ಆ ಸಾವಿರದ ಪ್ರಸ್ತಾವ ಇರಲೇ ಇಲ್ಲ. ಹಾಗಾಗಿ ಭಾನುವಾರ ಸಂಜೆ ‘ನೀವು ಹೇಳಿದ ಹಾಗೇ’ ಅಂದಾಗ ಸಪ್ಲೈಯರ್ ಒಪ್ಪುತ್ತಿದ್ದದ್ದು ಶುಕ್ರವಾರವೇ ಸತ್ತುಹೋಗಿದ್ದ ಪ್ರಸ್ತಾವವನ್ನು. ಭಾನುವಾರದ ಗಡುವಿನೊಳಗೇ ಹೇಳಿದೆ ಅಂತ ನೋಟಿಸಿನಲ್ಲಿ ದೊಡ್ಡದಾಗಿ ಬರೆದಿದ್ದರು. ಅದರಿಂದ ಏನೂ ಸಿಗಲ್ಲ.

ಕಂತಿನಲ್ಲಿ ಕೊಡಬಹುದಾ ಅಂತ ಸುಮ್ನೆ ಕೇಳಿದ್ದರೆ ಬೇರೆ ವಿಷಯ. ಪ್ರಶ್ನೆ ಕೇಳಿದರೆ ಪ್ರಸ್ತಾವ ಸಾಯುವುದಿಲ್ಲ. ‘ಕೊಡ್ತೀನಿ’ ಅಂದರು, ‘ಹಾಕಬಾರದು’ ಅಂದರು. ಅವು ಪ್ರಶ್ನೆಗಳಲ್ಲ.

50,000 ರೂಪಾಯಿ ಏನು ಹೇಳುತ್ತದೆ?

ಯಜಮಾನರ ಮೌನವನ್ನು ಒಪ್ಪಿಗೆ ಅನ್ನುವಂತಿಲ್ಲ. ಉತ್ತರ ಬರದಿದ್ದರೆ ಕುದುರೆ ನನ್ನದು ಅಂತ ಒಬ್ಬ ಚಿಕ್ಕಪ್ಪ ಬರೆದಿದ್ದಕ್ಕೆ 1862ರಲ್ಲೇ ಇಂಗ್ಲೆಂಡಿನ ಕೋರ್ಟ್ ಆಗಲ್ಲ ಅಂದಿತ್ತು. ನೀಲಿ ಟಿಕ್ ಅಂದರೆ ಓದಿದ್ದಾರೆ ಅಂತ, ಅಷ್ಟೆ.

ಆದರೆ ದುಡ್ಡು ಇಟ್ಟುಕೊಳ್ಳುವುದು ಬರೀ ಮೌನವಲ್ಲ. 8ನೇ ಸೆಕ್ಷನ್ ಪ್ರಕಾರ ಪ್ರಸ್ತಾವದ ಜೊತೆ ಕೊಟ್ಟ ಪ್ರತಿಫಲವನ್ನು ಸ್ವೀಕರಿಸಿದರೆ ಅದೇ ಒಪ್ಪಿಗೆಯಾಗಬಹುದು. ಸಪ್ಲೈಯರ್ ಪರ ವಕೀಲರು ಇದನ್ನೇ ಹಿಡಿದರು. ನೋಡಲು ಗಟ್ಟಿ ವಾದ. ಯುಪಿಐ ಯಾರ ಅಪ್ಪಣೆಯನ್ನೂ ಕೇಳದೆ ಖಾತೆಗೆ ಬಂದು ಬೀಳುತ್ತದೆ, ಅದನ್ನು ‘ಸ್ವೀಕರಿಸಿದ’ರು ಅನ್ನಬಹುದೇ ಅನ್ನುವುದು ಎದುರು ಕಡೆಯ ವಾದ. ಅದೂ ಸರಿಯೇ. ಒಂದೆರಡು ದಿನ ಸುಮ್ಮನಿದ್ದ ಮಾತ್ರಕ್ಕೆ 22 ಲಕ್ಷದ ವ್ಯವಹಾರಕ್ಕೆ ಒಪ್ಪಿದರು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇದನ್ನು ಎರಡೂ ಕಡೆಯವರು ಮೊದಲು ಗಮನಿಸಿರಲಿಲ್ಲ. ಶನಿವಾರ ದುಡ್ಡು ಹಾಕಿದಾಗ ಬದುಕಿದ್ದದ್ದು ಶುಕ್ರವಾರದ ಪ್ರಸ್ತಾವ. ಎರಡು ಕಂತು, ಏರಿಯಾದಲ್ಲಿ ಬೇಕರಿ ಹಾಕಬಾರದು ಅನ್ನುವ ಷರತ್ತು ಇರುವುದು. ಟೋಕನ್ ಇಟ್ಟುಕೊಂಡದ್ದೇ ಒಪ್ಪಿಗೆ ಅಂದರೆ ಆ ಷರತ್ತುಗಳಿಗೆ ಒಪ್ಪಿದರು ಅಂತ ಆಗಬೇಕು. ಆದರೆ ಮರುದಿನ ಸಪ್ಲೈಯರೇ ‘ಕಂತು ಗಿಂತು ಬಿಡಿ’ ಅಂದರು. ಶನಿವಾರವೇ ಕರಾರು ಆಗಿದ್ದರೆ ಭಾನುವಾರ ಚೌಕಾಸಿ ಏಕೆ? ನೋಟಿಸಿನಲ್ಲಿ ಶನಿವಾರವೂ ಆಯಿತು, ಭಾನುವಾರವೂ ಆಯಿತು ಅಂತ ಬರೆದಿದ್ದರು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಭಾನುವಾರ

ಇಲ್ಲಿ ಸಪ್ಲೈಯರ್‌ಗೆ ದಾರಿ ತೆರೆಯುತ್ತದೆ. ಫೋನಿನಲ್ಲಿ ಹೇಳಿದ್ದು ಹಳೆಯದಕ್ಕೆ ಒಪ್ಪಿಗೆ ಅಲ್ಲದಿದ್ದರೆ ಹೊಸ ಪ್ರಸ್ತಾವ. 22 ಲಕ್ಷ, ಮೇಲೆ 3 ಲಕ್ಷ, ಸಾಮಾನು ಸೇರಿ. ಅದಕ್ಕೆ ಯಜಮಾನರು ‘ಆಯ್ತು’ ಅಂದರು.

ಅಗ್ರಿಮೆಂಟ್ ನಾಳೆ ಅಂದಿದ್ದರಿಂದ ಕರಾರು ಆಗಲಿಲ್ಲ ಅನ್ನುವುದು ಯಜಮಾನರ ಕಡೆಯ ಮೊದಲ ವಾದ. ಇದು ನಿಲ್ಲಲ್ಲ. ಮುಖ್ಯ ವಿಷಯಗಳೆಲ್ಲ ಒಪ್ಪಿಗೆಯಾಗಿದ್ದರೆ, ಆಮೇಲೆ ಕಾಗದದಲ್ಲಿ ಬರೆಯೋಣ ಅಂದುಕೊಂಡ ಮಾತ್ರಕ್ಕೆ ಮಾತಿನ ಕರಾರು ಬಿದ್ದುಹೋಗುವುದಿಲ್ಲ ಅಂತ 1968ರಲ್ಲಿ ಕೊಲ್ಲಿಪಾರ ಶ್ರೀರಾಮುಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2010ರ ಟ್ರೈಮೆಕ್ಸ್ ವಿರುದ್ಧ ವೇದಾಂತ ಅಲ್ಯುಮಿನಿಯಂ ಪ್ರಕರಣದಲ್ಲೂ ಅಷ್ಟೆ. ಬಾಕ್ಸೈಟ್ ಅದಿರು ಪೂರೈಸುವ ಮಾತುಕತೆ ಇಮೇಲ್‌ನಲ್ಲೇ ನಡೆದಿತ್ತು. ಔಪಚಾರಿಕ ಕರಾರಿಗೆ ಸಹಿ ಬಿದ್ದಿರಲಿಲ್ಲ. ಆದರೂ ಕರಾರು ಆಗಿದೆ ಅಂತ ಕೋರ್ಟ್ ತೀರ್ಮಾನಿಸಿತು. ಕಾಗದಕ್ಕೆ ಸಹಿ ಹಾಕುವ ತನಕ ಯಾರೂ ಕಟ್ಟುಬಿದ್ದಿಲ್ಲ ಅಂತ ಬೇಕಿದ್ದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಎರಡನೆಯ ವಾದಕ್ಕೆ ತೂಕ ಇದೆ. ‘ಬಿಲ್ಡಿಂಗ್ ಓನರ್‌ಗೆ ಒಂದು ಮಾತು ಹೇಳ್ಬೇಕು’ ಅಂದರೆ ಏನು? ಓನರ್ ಒಪ್ಪಿದರೆ ಮಾತ್ರ ಮಾರಾಟ ಅನ್ನುವ ಷರತ್ತೇ? ಅಥವಾ ಮರ್ಯಾದೆಗೆ ತಿಳಿಸಬೇಕು ಅಂತಲೇ? ಬೇಕರಿಯಲ್ಲಿ ಮಾರುವ ವಸ್ತು ನಿಜವಾಗಿ ಏನು ಅಂತ ಯೋಚಿಸಿ. ಓವನ್, ಶೋಕೇಸ್ ಎಲ್ಲ ಸೇರಿದರೂ ಮೊತ್ತದ ಒಂದು ಪಾಲು ಅಷ್ಟೆ. ಉಳಿದದ್ದೆಲ್ಲ ಆ ಮೂಲೆಯ ಬೆಲೆ. ನಮ್ಮ ಜನ ಅದಕ್ಕೆ ಗುಡ್‌ವಿಲ್ ಅನ್ನುತ್ತಾರೆ. ಆ ಮೂಲೆ ಯಜಮಾನರದ್ದಲ್ಲ, ಓನರದ್ದು. ಬಾಡಿಗೆ ಕರಾರು 11 ತಿಂಗಳದ್ದು, ಬೇರೆಯವರಿಗೆ ಬಿಟ್ಟುಕೊಡಬಾರದು ಅಂತ ಅದರಲ್ಲಿ ಬರೆದಿದೆ. 11 ತಿಂಗಳ ಕಾಗದದ ಮೇಲೆ ನಿಂತಿರುವ ಅಂಗಡಿಗೆ 22 ಲಕ್ಷ ಕೊಡಲು ಹೊರಟ ಮನುಷ್ಯ ಒಂದು ಸಲವೂ ಓನರನ್ನು ನೋಡಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ತುಂಬಾ ಆಶ್ಚರ್ಯವಾಗುವುದು ಇದೇ. ನಮ್ಮೂರಲ್ಲಿ ಇದು ಅಪರೂಪವೂ ಅಲ್ಲ.

ಆದರೂ ಆ ಮಾತನ್ನು ನಾನು ಷರತ್ತು ಅಂತ ಓದುವುದಿಲ್ಲ. ಓನರ್ ಒಪ್ಪಿದರೆ ನೋಡೋಣ ಅಂದಿದ್ದರೆ ಅದು ಷರತ್ತು. ‘ಆಯ್ತು’ ಅಂದು, ಅಗ್ರಿಮೆಂಟ್‌ಗೆ ದಿನ ಕೊಟ್ಟು, ಆಮೇಲೆ ಓನರ್‌ಗೆ ಹೇಳಬೇಕು ಅಂದರೆ ಅದು ಮಾರುವವರು ಮಾಡಬೇಕಾದ ಕೆಲಸದ ಪಟ್ಟಿ.

ಇನ್ನು ರುಜುವಾತು. ಕರೆ ಹೋಗಿದ್ದಕ್ಕೆ ದಾಖಲೆ ಇದೆ, ಮಾತಿಗೆ ಇಲ್ಲ. ಹಾಗಾಗಿ ರಾತ್ರಿಯ ಮೆಸೇಜ್ ಮತ್ತು ಆ ಹೆಬ್ಬೆರಳೇ ಆಧಾರ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2023ರಲ್ಲಿ ಇಂಥದ್ದೇ ಒಂದು ತೀರ್ಪು ಬಂತು. ಅಗಸೆ ಕೊಳ್ಳುವ ಕಂಪನಿ ಕರಾರಿನ ಫೋಟೋ ಕಳಿಸಿ ಒಪ್ಪಿಗೆ ಹೇಳಿ ಅಂದಿತ್ತು. ರೈತ ಹೆಬ್ಬೆರಳು ಕಳಿಸಿದ. ಬೆಲೆ ಏರಿತು, ಅಗಸೆ ಕೊಡಲಿಲ್ಲ. ತಲುಪಿತು ಅಂತ ತಿಳಿಸಲು ಮಾತ್ರ ಕಳಿಸಿದೆ ಅಂದ. ಕೋರ್ಟ್ ಅವರ ಹಳೆಯ ವ್ಯವಹಾರ ನೋಡಿತು. ಹಿಂದೆಯೂ ಒಂದೆರಡು ಪದದ ಉತ್ತರಕ್ಕೇ ಕರಾರು ಆಗಿ, ಮಾಲು ಹೋಗಿತ್ತು. ರೈತ 82,000 ಡಾಲರಿಗಿಂತ ಜಾಸ್ತಿ ಪರಿಹಾರ ಕೊಡಬೇಕಾಯಿತು. 2024ರಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪೇ ಉಳಿಯಿತು. ನಮ್ಮ ಕೋರ್ಟುಗಳು ಇದನ್ನು ಪಾಲಿಸಲೇಬೇಕು ಅಂತಿಲ್ಲ, ಆದರೆ ಯೋಚಿಸುವ ರೀತಿ ನಮಗೂ ಒಪ್ಪುವಂಥದ್ದು.

ಇಲ್ಲಿಯೂ ಹಳೆಯ ವ್ಯವಹಾರ ಇದೆ. ‘ನಾಳೆ 40 ಪ್ಯಾಕೆಟ್ ನಿಪ್ಪಟ್ಟು ಹಾಕ್ತೀನಿ ಅಣ್ಣ’ ಅಂತ ಇವರು, ಹೆಬ್ಬೆರಳು ಅಂತ ಅವರು. ಮಾಲು ಹೋಗುತ್ತಿತ್ತು, ದುಡ್ಡು ಬರುತ್ತಿತ್ತು. ವರ್ಷಗಟ್ಟಲೆ ಹೀಗೇ. ನಿಪ್ಪಟ್ಟಿನ ಹೆಬ್ಬೆರಳು ಬೇರೆ, ಬೇಕರಿಯ ಹೆಬ್ಬೆರಳು ಬೇರೆ ಅಂತ ಯಜಮಾನರ ವಕೀಲರು ಹೇಳಿದರು. ಅದು 11 ಗಂಟೆಗೆ ಬಾ ಅಂದದ್ದು, ಬೆಲೆಗೆ ಅಲ್ಲ ಅಂತಲೂ ಅಂದರು. ಕೇಳಲು ಚೆನ್ನಾಗಿದೆ. ಆದರೆ ಅದೇ ಮೆಸೇಜಿನ ಮೊದಲ ಸಾಲು 22+3 ಫೈನಲ್. ಅದು ಸುಳ್ಳಾಗಿದ್ದರೆ ಯಾರಾದರೂ ‘ಏ ಇಲ್ಲಪ್ಪ’ ಅನ್ನುತ್ತಾರೆ, ಹೆಬ್ಬೆರಳು ಎತ್ತುವುದಿಲ್ಲ.

ನನ್ನ ಅಭಿಪ್ರಾಯ: ಭಾನುವಾರ ರಾತ್ರಿ ಕರಾರು ಆಗಿತ್ತು. ಸ್ಟಾಕ್ ಯಾರದ್ದು, ಕೆಲಸದ ಹುಡುಗರ ಗತಿ ಏನು ಅನ್ನುವುದು ಮಾತಾಗಿರಲಿಲ್ಲ. ಅಷ್ಟರಿಂದಲೇ 29ನೇ ಸೆಕ್ಷನ್ ಪ್ರಕಾರ ಕರಾರನ್ನೇ ಬೀಳಿಸುವಂಥ ಅಸ್ಪಷ್ಟತೆ ಬಂದುಬಿಡುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಮೆಸೇಜಿನಲ್ಲಿ ಆದ ಕರಾರು ಕರಾರೇ ಅಲ್ಲ ಅನ್ನುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಉತ್ತರ ಕೊಡುತ್ತದೆ. ಕೋರ್ಟಿಗೆ ಸ್ಕ್ರೀನ್‌ಶಾಟ್ ಒಂದನ್ನೇ ಒಯ್ದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವೂ ಬೇಕು. ಹಾಗಾಗಿ ಫೋನ್ ಬದಲಾಯಿಸುವ ಮುಂಚೆ ಚಾಟ್ ಜೋಪಾನ.

ದಾವೆ ಎಲ್ಲಿ ಹಾಕಬೇಕು ಅನ್ನುವುದಕ್ಕೆ 1966ರ ಭಗವಾನ್‌ದಾಸ್ ಕೇಡಿಯಾ ತೀರ್ಪು ಇದೆ. ಫೋನಿನಲ್ಲಿ ಒಪ್ಪಿಗೆ ಎಲ್ಲಿ ಕೇಳಿಸಿತೋ ಅಲ್ಲೇ ಕರಾರು ಹುಟ್ಟುತ್ತದೆ. ಯಜಮಾನರ ‘ಆಯ್ತು’ ಕೇಳಿಸಿದ್ದು ತುಮಕೂರಿನಲ್ಲಿ. ಹಾಗಾಗಿ ತುಮಕೂರಿನಲ್ಲೂ ದಾವೆ ಹಾಕಬಹುದಿತ್ತು. ಎಪ್ಪತ್ತು ಕಿಲೋಮೀಟರ್ ಓಡಾಟ ಯಾರ ಪಾಲಿಗೆ ಅನ್ನುವುದು ರಾಜಿಯ ಮೇಜಿನಲ್ಲಿ ಸಣ್ಣ ವಿಷಯವಲ್ಲ.

ಏನು ಸಿಗುತ್ತಿತ್ತು, ಏನು ಸಿಕ್ಕಿತು

ಬೇಕರಿ ಸಿಗುತ್ತಿರಲಿಲ್ಲ. ಮೂರನೆಯವರಿಗೆ ಈ ಮಾತುಕತೆ ಗೊತ್ತೇ ಇರಲಿಲ್ಲ, ಪೂರ್ತಿ ದುಡ್ಡು ಕೊಟ್ಟಿದ್ದರು. ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಸೆಕ್ಷನ್ ಅಂಥವರನ್ನು ಕಾಪಾಡುತ್ತದೆ. ಉಳಿದದ್ದು ಕರಾರು ಕಾಯ್ದೆಯ 73ನೇ ಸೆಕ್ಷನ್ನಿನ ನಷ್ಟ ಪರಿಹಾರ. ಅದೇ ಸಾಮಾನು, ಅದೇ ಅಂಗಡಿ ಮರುದಿನ 24ಕ್ಕೆ ಹೋಯಿತು. ಹಾಗಾಗಿ ವ್ಯತ್ಯಾಸ ಸುಮಾರು 2 ಲಕ್ಷ. ಮುಂಚೆಯೇ ಆರ್ಡರ್ ಕೊಟ್ಟಿದ್ದ ಹೊಸ ಬೋರ್ಡಿನ ಖರ್ಚನ್ನೂ ಕೇಳಿದ್ದರು. ಗುರುವಾರವೇ ಬೋರ್ಡ್ ಬರೆಸಲು ಕೊಟ್ಟದ್ದಕ್ಕೆ ಯಜಮಾನರನ್ನು ಹೊಣೆ ಮಾಡುವುದು ಕಷ್ಟ.

ವಕೀಲರಿಬ್ಬರೂ ಕೂತು ಮಾತಾಡಿ 1 ಲಕ್ಷ 20 ಸಾವಿರಕ್ಕೆ ಮುಗಿಸಿದರು. ಇನ್ನೂ ಕೊಂಚ ಎಳೆದಿದ್ದರೆ ಜಾಸ್ತಿ ಸಿಗುತ್ತಿತ್ತೇನೋ. ಆದರೆ ಶುಕ್ರವಾರದ ಮೆಸೇಜ್ ಮತ್ತು ರೆಕಾರ್ಡಿಂಗ್ ಇಲ್ಲದ ಫೋನ್ ಇಟ್ಟುಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಇದು ವಾಸಿ.

ಆ ಮೆಸೇಜುಗಳು ಹೇಗಿರಬೇಕಿತ್ತು?

ಯಜಮಾನರದ್ದು ಹೀಗೆ: ‘22 ಲಕ್ಷ, ಅಂಗಡಿ ಅಡ್ವಾನ್ಸ್ 3 ಲಕ್ಷ ಬೇರೆ. ಸಾಮಾನಿನ ಪಟ್ಟಿ ಫೋಟೋದಲ್ಲಿದೆ. ಸ್ಟಾಕ್ ಕೊಡುವ ದಿನದ ಬೆಲೆಗೆ. ಬಿಲ್ಡಿಂಗ್ ಓನರ್ ಹೊಸ ಕರಾರಿಗೆ ಸಹಿ ಹಾಕಿದರೆ ಮಾತ್ರ. ಅಗ್ರಿಮೆಂಟ್‌ಗೆ ಸಹಿ ಬೀಳುವ ತನಕ ಇಬ್ಬರೂ ಕಟ್ಟುಬಿದ್ದಿಲ್ಲ.’ ಕೊನೆಯ ವಾಕ್ಯ ಒಂದು ಇದ್ದಿದ್ದರೆ ಸೋಮವಾರ 24 ತಗೊಂಡರೂ ಯಾರೂ ಕೇಳುವಂತಿರಲಿಲ್ಲ.

ಸಪ್ಲೈಯರ್ ಮೊದಲು ‘ಒಪ್ಪಿದೆ’ ಅಂತ ಒಂದು ಮೆಸೇಜ್ ಹಾಕಿ, ಆಮೇಲೆ ಬೇರೆ ಮೆಸೇಜಿನಲ್ಲಿ ಕಂತಿನ ಬಗ್ಗೆ ಕೇಳಿಕೊಳ್ಳಬೇಕಿತ್ತು. ಯಜಮಾನರು ಕಂತಿಗೆ ಒಪ್ಪದಿದ್ದರೂ ಕರಾರು ಉಳಿಯುತ್ತಿತ್ತು. ಆದರೆ ಮತ್ತೆ ಬೇಕರಿ ಹಾಕಬಾರದು ಅನ್ನುವ ಷರತ್ತನ್ನು ಹೀಗೆ ಆಮೇಲೆ ಕೇಳಲು ಆಗುವುದಿಲ್ಲ. ಅದನ್ನು ಬೆಲೆ ಮಾತಾಡುವಾಗಲೇ ಇಡಬೇಕು. ಆ ಷರತ್ತು ಕಾನೂನಿಗೆ ವಿರುದ್ಧ ಅಲ್ಲ. ಕರಾರು ಕಾಯ್ದೆಯ 27ನೇ ಸೆಕ್ಷನ್ ವ್ಯಾಪಾರಕ್ಕೆ ತಡೆ ಹಾಕುವ ಕರಾರು ನಡೆಯಲ್ಲ ಅನ್ನುತ್ತದೆ, ಆದರೆ ಗುಡ್‌ವಿಲ್ ಮಾರುವವರಿಗೆ ಅದೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ತಡೆಗೆ ಒಂದು ಸ್ಥಳದ ಮಿತಿ ಇರಬೇಕು, ಅದು ನ್ಯಾಯವಾಗಿಯೂ ಇರಬೇಕು. ‘ಈ ಏರಿಯಾ’ ಅಂದರೆ ಹನುಮಂತನಗರವೋ, ಪಕ್ಕದ ಶ್ರೀನಗರವೂ ಸೇರಿಯೋ, ಗಾಂಧಿ ಬಜಾರ್ ತನಕವೋ ಯಾರಿಗೆ ಗೊತ್ತು? ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಅಂತ ಅಂಕಿಯಲ್ಲೇ ಬರೆಯಬೇಕು.